ಉಚ್ಚೆಂಗಮ್ಮನ ಕಣ್ಣು

ಹೊತ್ತು ಹುಟ್ಟುವ ಮೊದಲು ಉಚ್ಚೆಂಗಮ್ಮ ಮಾಡಿ ಮುಗಿಸುವ ಕೆಲಸಗಳು ಇವು: ನಲ್ಲಿ ಬರುವ ದಿನವಾದರೆ ಮೊದಲು ಕೊಡ ತುಂಬುವುದು, ಆಮೇಲೆ ಡ್ರಮ್ಮು. ಬಾಗಿಲಿಗೆ ನೀರು ಚಿಮುಕಿಸಿ ನಾಲ್ಕು ಎಳೆ ರಂಗೋಲಿ. ಸ್ನಾನಕ್ಕೆ ಹಂಡೆಯ ಕೆಳಗೆ ಬೆಂಕಿ. ಅತ್ತೆಯ ಮಂಡಿಗೆ ಎಣ್ಣೆ ಬೆಚ್ಚಗೆ ಮಾಡಿ ತಲೆದಿಂಬಿನ ಪಕ್ಕ ಇಡುವುದು. ಕಂಪ್ಲಿಯಿಂದ ಬಂದ ಕಬ್ಬಿನ ಹೊರೆ ಬಿಚ್ಚಿ, ಗಣ್ಣು ಕೆತ್ತಿ, ಒಂದೊಂದೇ ಜಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಸಿಪ್ಪೆ ಹೆರೆಯುವುದು. ಹೆರೆದದ್ದನ್ನು ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಗೆ ಏರಿಸುವುದು. ಶುಂಠಿ ತೊಳೆಯುವುದು, ಗ್ಲಾಸು ಬೆಳಗುವುದು, ಗಾಣದ ಉರುಳೆಗಳ ಸಂದಿಯಲ್ಲಿ ಸಿಕ್ಕಿಕೊಂಡ ನಾರನ್ನು ಹಳೆಯ ಬ್ರಷ್ಷಿನಿಂದ ಕಿತ್ತು ತೆಗೆಯುವುದು. ರೊಟ್ಟಿ ಬಡಿಯುವುದು. ಶನಿವಾರವಾದರೆ ಇದರ ಮೇಲೆ ಇನ್ನೊಂದು: ದಬ್ಬಣಕ್ಕೆ ದಾರ ಪೋಣಿಸಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಒಂದು ತುಂಡು ಇದ್ದಿಲು ಚುಚ್ಚಿ, ಗಾಡಿಗೆ ಯಾರ ಕಣ್ಣೂ ತಾಗದ ಹಾಗೆ ದೃಷ್ಟಿಯ ಸರ ಕಟ್ಟುವುದು.

ಇಷ್ಟೆಲ್ಲ ಆಗುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಸುನಿತಾ ಮಗ್ಗುಲು ಬದಲಿಸುವ ಬಳೆಯ ಸದ್ದು ಕೇಳುತ್ತಿತ್ತು. ಸುನಿತಾ ಅವಳ ನೆಗೆಣ್ಣಿ, ಮೈದುನ ರಾಯಣ್ಣನ ಹೆಂಡತಿ. ರಾಯಣ್ಣ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸದವನು. ಶಿಫ್ಟು ಯಾವಾಗಲೋ, ಮನೆಗೆ ಬರುವುದು ಯಾವಾಗಲೋ. "ಅಕಿ ಮಲಗ್ಲಿ ಬಿಡು. ದಿನಾ ರೋಡಿನ್ಯಾಗ ನಿಂತು ನಿಂತು ಸಾಕಾಗಿರತೈತಿ," ಎಂದು ಅತ್ತೆ ಜಂಬವ್ವ ಅಪ್ಪಣೆ ಕೊಡಿಸಿದ್ದಳು. ನಿಂತವಳ ದಣಿವಿಗೆ ಆ ಮನೆಯಲ್ಲಿ ಬಿಸಿನೀರು ಕಾಯುತ್ತಿತ್ತು. ಕುಕ್ಕರುಗಾಲಲ್ಲಿ ಕೂತು ಕಬ್ಬು ಹೆರೆದವಳ ದಣಿವಿಗೆ ಹೆಸರೇ ಇರಲಿಲ್ಲ.

ಆ ಗಾಡಿ ಒಂದು ಕಾಲಕ್ಕೆ ಉಚ್ಚೆಂಗಮ್ಮನದೇ. ಚೋರನೂರಿನಿಂದ ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದ ಮರುವರ್ಷ ಅವಳ ಗಂಡ ಮೈಲಾರಲಿಂಗಪ್ಪ ಕೈಗಾಣದ ತಳ್ಳುಗಾಡಿ ತಂದ. ಅವನು ಲಗೇಜ್ ಆಟೊ ಓಡಿಸುವವನು. ಗಾಡಿ ಅವನ ಹೆಸರಿನದು, ಗಾಣದ ದೊಡ್ಡ ಚಕ್ರ ಮಾತ್ರ ಅವಳ ರಟ್ಟೆಯ ಪಾಲಿನದು. ಅನಂತಶಯನಗುಡಿಯ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ನಿಂತು ಅವಳು ವರ್ಷಗಟ್ಟಲೆ ಕಬ್ಬಿನ ಹಾಲು ಹಿಂಡಿದಳು. ಹಂಪಿ ನೋಡಿ ಬಂದವರು, ನೋಡಲು ಹೊರಟವರು, ಸಂಡೂರಿನ ಕಡೆಯ ಲಾರಿ ಡ್ರೈವರುಗಳು ಎಲ್ಲರೂ ನಿಲ್ಲುತ್ತಿದ್ದರು. "ಚೂರು ಶುಂಠಿ ಜಾಸ್ತಿ ಹಾಕವಾ," ಎನ್ನುತ್ತಿದ್ದರು. ಎರಡು ಹೆರಿಗೆಗಳ ಆಚೆಗೂ ಈಚೆಗೂ ಆ ಚಕ್ರ ನಿಲ್ಲಲಿಲ್ಲ. ಕೊನೆಗೆ ನಿಂತದ್ದು ಅವಳ ಬಲಭುಜ. ಈಗಲೂ ಮೇಲಿನ ಹಲಗೆಯ ಡಬ್ಬಿ ಇಳಿಸಬೇಕಾದರೆ ಎಡಗೈಯೇ ಆಗಬೇಕು.

ಭುಜ ಹೋದ ಮೇಲೆ ಎಂಜಿನ್ನು ಬಂತು. ಕಂಪ್ಲಿಯ ಗದ್ದೆಯೊಂದರಲ್ಲಿ ನೀರೆತ್ತುತ್ತಿದ್ದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಮೈಲಾರಲಿಂಗಪ್ಪ ತಂದು, ಬೆಲ್ಟು ಹಾಕಿ ಗಾಣಕ್ಕೆ ಜೋಡಿಸಿದ.

"ಇನ್ನ ನಿನಗ ಆರಾಮ ಬಿಡು. ಹಗ್ಗ ಜಗ್ಗಿದ್ರ ಮುಗೀತು," ಎಂದ ಅವತ್ತು.

ಉಚ್ಚೆಂಗಮ್ಮ ಆ ಸಂಜೆ ಗಾಡಿಗೆ ಅರಿಶಿನ ಕುಂಕುಮ ಹಚ್ಚುವಾಗ ಎಂಜಿನ್ನಿನ ತಲೆಯನ್ನು ಎಮ್ಮೆಯ ತಲೆ ಸವರಿದ ಹಾಗೆ ಸವರಿದ್ದಳು. ಹಗ್ಗ ಜಗ್ಗುವುದು ತಾನೇ ಎಂದು ತಿಳಿದಿದ್ದಳು. ಆದರೆ ಗಂಡ ಹೇಳಿದ ಆರಾಮಕ್ಕೆ ಅರ್ಥ ಮನೆ ಎಂದಾಗಿತ್ತು. "ಎಂಜಿನ್ ಅಂದ್ರ ಸ್ವಲ್ಪ ಓದಿದವ್ರು ಬೇಕು. ಈಗೆಲ್ಲ ಫೋನಿನ್ಯಾಗ ರೊಕ್ಕ ಬರತೈತಿ. ಸುನಿತಾ ಹತ್ತನೇತ್ತ ಪಾಸಾಗ್ಯಾಳ, ಅಕೀನ ಹೋಗ್ಲಿ," ಎಂದ. ಭುಜ ಕೊಟ್ಟವಳು ಹಿತ್ತಲಿಗೆ ಬಂದಳು, ಹಗ್ಗ ಜಗ್ಗುವವಳು ರಸ್ತೆಗೆ ಹೋದಳು. ಸುನಿತಾಳ ಪುಟ್ಟ ಮಗಳು ಪಂಪಾವತಿಯನ್ನು ನೋಡಿಕೊಳ್ಳುವುದೂ ಹಿತ್ತಲಿನ ಲೆಕ್ಕಕ್ಕೇ ಸೇರಿತು.

ಮೊದಲೆಲ್ಲ ಉಚ್ಚೆಂಗಮ್ಮನಿಗೆ ಬರೀ ಬೇಸರವಿತ್ತು. ಹೊಟ್ಟೆಕಿಚ್ಚು ಹತ್ತಿದ್ದು ಮಾಘ ಕಳೆದು ಬಿಸಿಲು ಏರುವ ಹೊತ್ತಿಗೆ. ಹಂಪಿಗೆ ಬಂದ ಯಾರೋ ಹುಡುಗಿಯರು ಗಾಡಿಯ ಹತ್ತಿರ ನಿಂತು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋದರು. ಅದು ಊರೆಲ್ಲ ತಿರುಗಿ ಚಿತ್ತವಾಡ್ಗಿಯ ಕಿರಾಣಿ ಅಂಗಡಿಯ ಕೊಟ್ರಮ್ಮನ ಫೋನಿಗೂ ಬಂತು. "ಬಾ ಇಲ್ಲಿ, ನಿಮ್ಮ ಸುನಿತಾ ಎಷ್ಟ್ ಚಂದ ಮಾತಾಡ್ಯಾಳ ನೋಡು," ಎಂದು ಕೊಟ್ರಮ್ಮ ಕರೆದು ತೋರಿಸಿದಳು.

ಸುನಿತಾ ಹಗ್ಗ ಜಗ್ಗಿದಳು, ಎಂಜಿನ್ನು ಗುಡುಗಿತು. ಬೆಳ್ಳಗೆ ಹೆರೆದ ಜಲ್ಲೆಯನ್ನು ಉರುಳೆಯೊಳಗೆ ಬಿಟ್ಟು, ನಗುತ್ತ, "ನಮ್ಮ ಕಬ್ಬು ನೋಡ್ರಿ, ಒಂದ್ ಕರಿ ಚುಕ್ಕಿ ಇರಂಗಿಲ್ಲ. ಭಾಳ ಸ್ವಚ್ಛ," ಎಂದಳು. ನಮ್ಮ ಕಬ್ಬು. ಉಚ್ಚೆಂಗಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಹೆಬ್ಬೆರಳಿನ ತುದಿ ಸೀಳಿ ಕಪ್ಪಾಗಿತ್ತು.

ಅಂದಿನಿಂದ ಸುನಿತಾಳ ಎಲ್ಲವೂ ಅವಳ ಕಣ್ಣಿಗೆ ಬೀಳತೊಡಗಿತು. ಇಡೀ ದಿನ ನಿಲ್ಲಲು ಅನುಕೂಲವಾಗಲಿ ಎಂದು ರಾಯಣ್ಣ ತಂದುಕೊಟ್ಟ ಮೆತ್ತನೆಯ ಚಪ್ಪಲಿ. ಗಾಡಿಗೆ ತಲೆಕೆಳಗಾಗಿ ಕಟ್ಟಿಕೊಂಡು ಹೋಗುವ ಸ್ಟೂಲು. ಸಂಜೆ ಬಂದವಳು "ಉಶ್" ಎಂದು ಕೂತಾಗ ಅತ್ತೆ ತಾನಾಗಿಯೇ ಕೊಡುವ ನೀರಿನ ಚೊಂಬು. ಅಪರಿಚಿತರು ಅವಳನ್ನು ಹೆಸರು ಹಿಡಿದು ಕರೆಯುವುದು. ತನ್ನನ್ನು ಯಾರಾದರೂ ಹೆಸರು ಹಿಡಿದು ಕರೆದು ಎಷ್ಟು ಕಾಲವಾಯಿತು ಎಂದು ಉಚ್ಚೆಂಗಮ್ಮ ರೊಟ್ಟಿ ಬಡಿಯುತ್ತ ನೆನೆದಳು. ಮನೆಯಲ್ಲಿ ಅವಳು ಗಂಡನಿಗೆ 'ಏ ಇಕಿ', ಮಕ್ಕಳಿಗೆ 'ಯವ್ವಾ', ಸುನಿತಾಳಿಗೆ 'ಅಕ್ಕಾ'.

ವಿಡಿಯೊ ಬಂದ ಮೇಲೆ ಗಿರಾಕಿ ಹೆಚ್ಚಿತು. ಗಿರಾಕಿ ಹೆಚ್ಚಿದೊಡನೆ ಜಂಬವ್ವನಿಗೆ ದಿಗಿಲು ಹೆಚ್ಚಿತು. "ಇಷ್ಟು ದಿನ ಗಾಡಿ ಮುಂದಿನ ಕೊಕ್ಕಿಗೆ ಸರ ಕಟ್ತಿದ್ವಿ. ಈಗ ಮಂದಿ ನೋಡೂದು ಗಾಡೀನಲ್ಲ, ಎಂಜಿನ್ನು. ಕಣ್ಣು ಬೀಳೂದು ಅದಕ್ಕ. ಸರ ಅದಕ್ಕ ಕಟ್ರಿ," ಎಂದಳು. ಎಂಜಿನ್ನಿಗೆ ಎಲ್ಲಿ ಕಟ್ಟುವುದು? ಬೆಲ್ಟಿನ ಕಡೆ ಎಲ್ಲವೂ ತಿರುಗುತ್ತದೆ, ಸೈಲೆನ್ಸರಿನ ಕಡೆ ಎಲ್ಲವೂ ಸುಡುತ್ತದೆ. ತಿರುಗದ, ಸುಡದ ಒಂದೇ ಕೊಂಬು ಪೆಟ್ರೋಲ್ ಟ್ಯಾಂಕಿನ ಕೆಳಗೆ ಚಾಚಿಕೊಂಡಿತ್ತು. ಜಂಬವ್ವ ತನ್ನ ಕೈಯಾರೆ ಸರವನ್ನು ಅದಕ್ಕೆ ಇಳಿಬಿಟ್ಟಳು. "ವಾರದತನ ಇದನ್ನ ಯಾರೂ ಮುಟ್ಟಂಗಿಲ್ಲ," ಎಂದು ಎಲ್ಲರಿಗೂ ಹೇಳಿದಳು.

ಎಂಜಿನ್ನು ಕೆಟ್ಟದ್ದು ಅದೇ ದಿನಗಳಲ್ಲಿ.

ಬೆಳಿಗ್ಗೆ ಶುರುವಾಗುತ್ತಿತ್ತು, ನಾಲ್ಕು ಗ್ಲಾಸು ಹಿಂಡುವಷ್ಟರಲ್ಲಿ ಕರಿ ಹೊಗೆ ಕಾರಿ, ಬಿಕ್ಕಳಿಸಿ, ಸತ್ತುಬಿಡುತ್ತಿತ್ತು. ಮತ್ತೆ ಹಗ್ಗ ಎಷ್ಟು ಜಗ್ಗಿದರೂ ಏಳುತ್ತಿರಲಿಲ್ಲ. ಸುತ್ತ ಪೆಟ್ರೋಲ್ ವಾಸನೆ. ಗಿರಾಕಿಗಳು "ಹಾಲಿಗೂ ಪೆಟ್ರೋಲ್ ಹಾಕೀರೇನ್ರೀ?" ಎಂದು ಹೊರಟುಹೋಗುತ್ತಿದ್ದರು. ಮೈಲಾರಲಿಂಗಪ್ಪ ಆಟೊದಲ್ಲಿ ಹೋಗಿ ಮೆಕ್ಯಾನಿಕ್ ಅಂಜಿನಿಯನ್ನು ಮನೆಗೇ ಕರೆತಂದ.

ಅಂಜಿನಿ ಬಾಯಿತುಂಬ ಎಲೆಯಡಿಕೆಯವನು. ಅವನು ಎಂಜಿನ್ನಿಗೆ ಕೈಹಾಕುವ ಮೊದಲು ಜಂಬವ್ವ ಕುಂಟುತ್ತ ಬಂದು, "ತಡಿಯೋ ತಮ್ಮಾ, ದೇವರದು, ಎಣ್ಣಿಗೈ ಹಚ್ಚಬ್ಯಾಡ," ಎಂದು ಸರವನ್ನು ಬಿಚ್ಚಿ ಗೂಡಿನಲ್ಲಿಟ್ಟಳು. ಅಂಜಿನಿ ಪ್ಲಗ್ಗು ಬಿಚ್ಚಿ ಎತ್ತಿ ಹಿಡಿದ. ಪ್ಲಗ್ಗು ಕಾಡಿಗೆಯಷ್ಟು ಕಪ್ಪಾಗಿ, ಪೆಟ್ರೋಲಿನಲ್ಲಿ ಅದ್ದಿದ ಹಾಗೆ ತೊಯ್ದಿತ್ತು.

"ಮುಳುಗೇತಿ ನೋಡ್ರಿ," ಎಂದ.

"ಏನು ಮುಳುಗೇತಿ?" ಎಂದ ಮೈಲಾರಲಿಂಗಪ್ಪ.

"ಸಿಲಿಂಡರು. ಒಳಗ ಬೇಕಾದ್ದಕ್ಕಿಂತ ಭಾಳ ಪೆಟ್ರೋಲ್ ಹೋಗೇತಿ. ಕಿಡಿ ಹತ್ತಬೇಕಂದ್ರ ಪೆಟ್ರೋಲಿಗೆ ಗಾಳಿ ಕೂಡಬೇಕು. ಗಾಳಿ ಕಮ್ಮಿ ಆಗಿರಬೇಕು, ಇಲ್ಲಾ ಪೆಟ್ರೋಲ್ ಜಾಸ್ತಿ ಆಗಿರಬೇಕು. ಎರಡರಾಗ ಒಂದು."

ಗಾಳಿಯ ಕಡೆಯಿಂದ ಶುರು ಮಾಡಿದ. ಗಾಳಿ ಸೋಸುವ ಸ್ಪಂಜು ಬಿಚ್ಚಿದರೆ ಅದರೊಳಗೆ ಅದಿರಿನ ಲಾರಿಗಳ ಕೆಂಪು ಧೂಳು ಕುಂಕುಮದ ಹಾಗೆ ಕೂತಿತ್ತು. "ಸಂಡೂರೆಲ್ಲ ಇದರಾಗ ಐತಿ!" ಎಂದು ನಕ್ಕ. ಅದನ್ನು ಸೀಮೆಎಣ್ಣೆಯಲ್ಲಿ ಹಿಂಡಿ ತೊಳೆದುಕೊಡುವ ಕೆಲಸ ಉಚ್ಚೆಂಗಮ್ಮನಿಗೆ ಬಂತು. ಪ್ಲಗ್ಗು ಒರೆಸಿ, ಸಿಲಿಂಡರಿನ ತೂತು ತೆರೆದಿಟ್ಟು ಹಗ್ಗ ಜಗ್ಗಿದ. ಒಳಗಿದ್ದ ಪೆಟ್ರೋಲು ಪಿಚಕಾರಿಯಂತೆ ಹಾರಿತು. ಎಲ್ಲ ಜೋಡಿಸಿದ ಮೇಲೆ ಎಂಜಿನ್ನು ಒಂದೇ ಏಟಿಗೆ ಎದ್ದು, ಅಂಗಳದಲ್ಲಿ ಗಡಗಡ ಓಡಿತು. ಜಂಬವ್ವ ಸಂತೋಷದಿಂದ ಸರವನ್ನು ಮತ್ತೆ ಅದರ ಜಾಗಕ್ಕೆ ಕಟ್ಟಿದಳು.

ಮರುದಿನ ರಸ್ತೆಯಲ್ಲಿ ಮತ್ತೆ ಸತ್ತಿತು.

ಈ ಸಲ ಅಂಜಿನಿ ಪೆಟ್ರೋಲಿನ ಕಡೆ ಹೋದ. ಕಾರ್ಬೊರೇಟರ್ ಬಿಚ್ಚಿ, ಅದರ ಬಟ್ಟಲಿನೊಳಗೆ ತೇಲುವ ಸಣ್ಣ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. "ಇದು ತೂತಾಗಿದ್ರ ಒಳಗ ಪೆಟ್ರೋಲ್ ಕುಲುಕತೈತಿ. ಇದು ಏಳಲಿಲ್ಲಂದ್ರ ನಲ್ಲಿ ಮುಚ್ಚಂಗಿಲ್ಲ, ಪೆಟ್ರೋಲ್ ಹರಕೋತನ ಇರತೈತಿ." ಬುರುಡೆ ಸರಿಯಿತ್ತು. ಅದರ ಮೇಲಿನ ಪಿನ್ನು ಸವೆದಿದೆಯೇನೋ ಎಂದು ಹೊಸದು ಹಾಕಿದ. ಅಂಗಳದಲ್ಲಿ ಎಂಜಿನ್ನು ಮತ್ತೆ ಮದುಮಗನಂತೆ ಓಡಿತು. ರಸ್ತೆಗೆ ಹೋಗಿ ಮತ್ತೆ ಮುಳುಗಿತು.

"ಅತ್ತೀ ಮುಂದ ಚಂದ ಇರೂ ಸೊಸಿ ಇದ್ದಂಗ ಐತಲ್ರೀ ಇದು! ನಾ ಇದ್ರ ಓಡತೈತಿ, ಇಲ್ಲಂದ್ರ ಸಾಯತೈತಿ," ಎಂದ ಅಂಜಿನಿ.

"ಅದಕ್ಕ ರೋಗ ಅಲ್ಲೋ ತಮ್ಮಾ, ಕಣ್ಣು," ಎಂದಳು ಜಂಬವ್ವ. "ಯಾರದೋ ಕೆಟ್ಟ ಕಣ್ಣು ಬಿದ್ದೇತಿ. ಉಂಡ ಮನ್ಯಾಗಿನ ಕಣ್ಣು ಭಾಳ ಸುಡತೈತಿ ಅಂತಾರ."

ಮುದುಕಿ ಯಾರನ್ನೂ ನೋಡಿ ಹೇಳಲಿಲ್ಲ. ಆದರೂ ಸೀಮೆಎಣ್ಣೆಯ ಬೋಗುಣಿ ತೊಳೆಯುತ್ತಿದ್ದ ಉಚ್ಚೆಂಗಮ್ಮನ ಕೈ ನಿಂತಿತು. ನನ್ನದೇನಾ? ವಿಡಿಯೊ ನೋಡಿದ ದಿನ ಎದೆಯೊಳಗೆ ಮೆಣಸಿನಕಾಯಿ ಸುಟ್ಟ ಹಾಗೆ ಘಾಟು ಎದ್ದಿತ್ತಲ್ಲ, ಅದೇನಾ? ಅವಳು ಎಂಜಿನ್ನಿನ ಕಡೆ ನೋಡುವುದನ್ನೇ ಬಿಟ್ಟಳು. ಸುನಿತಾಳ ಚಪ್ಪಲಿಯನ್ನು ದಾಟುವಾಗ ಮುಖ ತಿರುಗಿಸಿಕೊಂಡಳು. ಆದರೆ ಒಳಗೊಳಗೆ, ಸಂಜೆ ಸುನಿತಾ ಮುಖ ಇಳಿಬಿಟ್ಟುಕೊಂಡು ಗಾಡಿ ತಳ್ಳಿಕೊಂಡು ಬರುವಾಗ, ನೆಲಕ್ಕೆ ಬಿದ್ದ ನೀರಿನ ಹಾಗೆ ಒಂದು ತಂಪು ಅವಳ ಹೊಟ್ಟೆಯಲ್ಲಿ ಹರಡುತ್ತಿತ್ತು. ಅದಕ್ಕೆ ಹೆದರುತ್ತಿದ್ದಳು. ಅದಕ್ಕಾಗಿ ಕಾಯುತ್ತಲೂ ಇದ್ದಳು.

ಜಂಬವ್ವ ಸರವನ್ನು ದೊಡ್ಡದು ಮಾಡಿಸಿದಳು. ಒಂದು ನಿಂಬೆಹಣ್ಣಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಅದೂ ಸಂತೆಯಲ್ಲಿ ಆರಿಸಿ ತಂದ ದಪ್ಪ ಹಣ್ಣುಗಳು. ಸರ ದೊಡ್ಡದಾದಷ್ಟೂ ಎಂಜಿನ್ನು ಬೇಗ ಬೇಗ ಸತ್ತಿತು. ಒಂದು ವಿಚಿತ್ರವನ್ನು ಉಚ್ಚೆಂಗಮ್ಮ ಮಾತ್ರ ಗಮನಿಸಿದ್ದಳು: ಹೊಸ ಸರ ಕಟ್ಟಿದ ಶನಿವಾರ, ಭಾನುವಾರ ಗೋಳು ಹೆಚ್ಚು. ಹಣ್ಣು ಒಣಗಿ ಚಿಪ್ಪಾಗುವ ಹೊತ್ತಿಗೆ, ಗುರುವಾರದ ಸುಮಾರಿಗೆ, ಎಂಜಿನ್ನು ಸುಧಾರಿಸುತ್ತಿತ್ತು. ಸರ ಪೋಣಿಸುವವಳು ಅವಳಾದ್ದರಿಂದ ಅವಳಿಗೆ ತಿಳಿಯಿತು. ಆದರೆ ಇದಕ್ಕೇನು ಅರ್ಥವೋ ತಿಳಿಯಲಿಲ್ಲ. ದೇವರ ಕೋಪ ಇರಬಹುದು ಎಂದುಕೊಂಡಳು.

ಒಂದು ಭಾನುವಾರ ಮಧ್ಯಾಹ್ನ ಬುತ್ತಿ ಕೊಡಲು ಪಂಪಾವತಿಯನ್ನು ಕಂಕುಳಲ್ಲಿ ಎತ್ತಿಕೊಂಡು ಗಾಡಿಯ ಹತ್ತಿರ ಹೋದಳು. ಬಿಸಿಲು ಕಲ್ಲು ಸಿಡಿಯುವಂತಿತ್ತು. ಎಂಜಿನ್ನು ಓಡುತ್ತಿತ್ತು. ಸುನಿತಾ ಅವಳನ್ನು ಕಂಡದ್ದೇ ಕೈ ಒರೆಸಿಕೊಂಡು, "ಅಕ್ಕಾ, ಒಂದ್ ಗಳಿಗಿ ನೋಡ್ಕೋ. ಬೆಳಿಗ್ಗಿಂದ ತಡಕೊಂಡು ನಿಂತೀನಿ. ಆ ಚೆನ್ನಬಸಮ್ಮನ ಮನಿಗೆ ಹೋಗಿ ಬರ್ತೀನಿ, ಅಕಿ ಒಬ್ಬಾಕೀನ ನಮಗ ಬಾಗಲಾ ತಗಿಯಾಕಿ," ಎಂದು ಹೊಲದ ಬದುವಿನಲ್ಲಿ ಬಿರಬಿರನೆ ನಡೆದಳು.

ಉಚ್ಚೆಂಗಮ್ಮ ಬೇವಿನ ಮರದ ಕೆಳಗೆ, ತನ್ನ ಹಳೆಯ ಜಾಗದಲ್ಲಿ ನಿಂತಳು. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿದಳು. ಎಂಜಿನ್ನಿಗೆ ಬೆನ್ನು ಮಾಡಿ ನಿಲ್ಲಬೇಕೆಂದುಕೊಂಡರೂ ಕಣ್ಣು ಅತ್ತಲೇ ಹೋಯಿತು. ನಿನ್ನೆ ಪೋಣಿಸಿದ ಮೂರು ದಪ್ಪ ನಿಂಬೆಹಣ್ಣು ಎಂಜಿನ್ನಿನ ನಡುಕಕ್ಕೆ ಕುಣಿಯುತ್ತಿದ್ದವು. ಅವು ತೂಗಿದಾಗಲೆಲ್ಲ, ಅವು ನೇತಾಡುತ್ತಿದ್ದ ಆ ಕೊಂಬು ಚೂರು ಚೂರೇ ಕೆಳಗೆ ಜಾರುತ್ತಿತ್ತು. ಮತ್ತೊಂದು ಜೋಲಿ, ಮತ್ತೂ ಚೂರು. ಪೂರ್ತಿ ಕೆಳಗೆ ಬಂದದ್ದೇ ತಡ, ಎಂಜಿನ್ನು ಕೆಮ್ಮಿತು. ಕರಿ ಹೊಗೆ ಉಗುಳಿತು. ಸತ್ತಿತು.

ಆ ಕೊಂಬಿನ ಹೆಸರು ಅವಳಿಗೆ ಗೊತ್ತಿತ್ತು. ಚೋಕು. ಗಂಡ ಸುನಿತಾಳಿಗೆ ಅಂಗಳದಲ್ಲಿ ಕಲಿಸುವಾಗ ಅವಳು ಹಿಂದೆ ಕೂತು ಗ್ಲಾಸು ತೊಳೆಯುತ್ತಿದ್ದಳು. "ತಣ್ಣಗಿದ್ದಾಗ ಚೋಕ್ ಕೆಳಗ ಮಾಡು. ಗಾಳಿ ಬಂದ್ ಆಗಿ ಪೆಟ್ರೋಲ್ ಹೆಚ್ಚಿಗಿ ಹೋಗತೈತಿ, ಜಲ್ದಿ ಹತ್ತತೈತಿ. ಹತ್ತಿದ ಮ್ಯಾಲೆ ಮ್ಯಾಲಕ್ಕ ಎತ್ತು," ಎಂದು ಅವನು ಹೇಳಿಕೊಟ್ಟಿದ್ದ. ಸುನಿತಾ ಹಾಗೆಯೇ ಮಾಡುತ್ತಿದ್ದಳು. ಎಂಜಿನ್ನು ಸತ್ತಾಗಲೆಲ್ಲ, ಕಲಿಸಿದ ಪಾಠದಂತೆ ಸರದ ಹಿಂದೆ ಬೆರಳು ತೂರಿಸಿ ಮೊದಲು ಚೋಕು ಕೆಳಗೆ ಒತ್ತಿ ಹಗ್ಗ ಜಗ್ಗುತ್ತಿದ್ದಳು. ಅದು ಆಗಲೇ ಕೆಳಗಿದ್ದದ್ದನ್ನು ಹಣ್ಣುಗಳು ಮರೆಮಾಡುತ್ತಿದ್ದವು. ಮುಳುಗಿದ್ದಕ್ಕೆ ಮತ್ತಷ್ಟು ಕುಡಿಸುತ್ತಿದ್ದಳು. ಮೆಕ್ಯಾನಿಕ್ಕನ ಮುಂದೆ ಅದು ಓಡುತ್ತಿದ್ದದ್ದೂ ಸುಮ್ಮನೆ ಅಲ್ಲ. ಅವನು ಮುಟ್ಟುವ ಮೊದಲು ಅತ್ತೆ ಸರ ಬಿಚ್ಚಿಡುತ್ತಿದ್ದಳು.

ಕಣ್ಣು ತಾಗದಿರಲಿ ಎಂದು ಕಟ್ಟಿದ್ದೇ ಎಂಜಿನ್ನಿನ ಮೂಗು ಮುಚ್ಚಿತ್ತು.

ಉಚ್ಚೆಂಗಮ್ಮ ಸರವನ್ನು ಬಿಚ್ಚಿ ಗಾಡಿಯ ಮೇಲಿಟ್ಟಳು. ಚೋಕನ್ನು ಮೇಲೆತ್ತಿದಳು. ಒಳಗಿನದು ಆರಲಿ ಎಂದು, ಪಂಪಾವತಿಗೆ ಒಂದು ಚೂರು ಕಬ್ಬು ಕೊಟ್ಟು ಅದು ಚೀಪಿ ಮುಗಿಸುವ ತನಕ ಕಾದಳು. ಆಮೇಲೆ ಎಡಗೈಯಿಂದ ಹಗ್ಗ ಜಗ್ಗಿದಳು. ಎರಡು ಸಲ ಬರೀ ಹೊಗೆ. ಮೂರನೆಯದಕ್ಕೆ ಎಂಜಿನ್ನು ಎದ್ದಿತು. ಮಗು ಚಪ್ಪಾಳೆ ತಟ್ಟಿತು. ನನ್ನ ಕಣ್ಣಲ್ಲ ಎಂದು ಅವಳಿಗೆ ಒಮ್ಮೆ ಜೋರಾಗಿ ಅಳು ಬಂದ ಹಾಗಾಯಿತು.

ಅಷ್ಟರಲ್ಲಿ ಹೊಲದ ತುದಿಯಲ್ಲಿ ಸುನಿತಾ ಕಂಡಳು. ರಸ್ತೆಯಲ್ಲಿ ಬೈಕು ನಿಲ್ಲಿಸಿದ ಒಬ್ಬ, "ಸುನಿತಕ್ಕಾ, ಎರಡು ಗ್ಲಾಸ್ ಮಾಡ್ರಿ!" ಎಂದು ಇವಳನ್ನು ದಾಟಿ ಅವಳಿಗೆ ಕೂಗಿದ. ಗಾಡಿಯ ಹಿಂದೆ ನಿಂತ ಉಚ್ಚೆಂಗಮ್ಮ ಅವನ ಕಣ್ಣಿಗೆ ಬೇವಿನ ಮರದ ಬುಡವೇನೋ ಎಂಬಂತೆ. ಸುನಿತಾಳೂ ಕೈ ಬೀಸಿದಳು, ರಾಣಿಯ ಹಾಗೆ, ಆ ಮೆತ್ತನೆಯ ಚಪ್ಪಲಿಯಲ್ಲಿ.

ಉಚ್ಚೆಂಗಮ್ಮ ಸರವನ್ನು ಎತ್ತಿ ಮತ್ತೆ ಚೋಕಿಗೆ ಕಟ್ಟಿದಳು.

"ಎಂಜಿನ್ ನಿಂತಿತ್ತೇನಕ್ಕಾ?"

"ಇಲ್ಲವಾ. ಓಡಕತ್ತೇತಿ ನೋಡು," ಎಂದು ಮಗುವನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದಳು. ರಸ್ತೆಯ ತಿರುವಿನ ತನಕ ಕಿವಿ ಹಿಂದೆಯೇ ಇತ್ತು. ತಿರುವಿನಲ್ಲಿ ಎಂಜಿನ್ನು ಕೆಮ್ಮುವುದು ಕೇಳಿಸಿತು.

ಆ ವಾರ ಉಚ್ಚೆಂಗಮ್ಮ ಬಾಯಿ ಬಿಡಲಿಲ್ಲ. ಶುಕ್ರವಾರ ಸಂಜೆ ಮೈಲಾರಲಿಂಗಪ್ಪ ಉಣ್ಣುತ್ತ ಕೂತವನು ತಟ್ಟೆಯಲ್ಲೇ ಕೈ ಕೊಡವಿ ತೀರ್ಪು ಹೇಳಿದ: "ನಾಳಿ ಶನಿವಾರ. ಅವ್ವ ಹೇಳಿದಂಗ ದೊಡ್ಡ ಸರ ಕಟ್ರಿ. ನಾಳೀನೂ ಸತ್ರ ಎಂಜಿನ್ ಮಾರಿಬಿಡ್ತೀನಿ. ಕೈಗಾಣದ ಚಕ್ರ ಅಟ್ಟದ ಮ್ಯಾಲೈತಿ, ಇಳಸ್ತೀನಿ. ಸುನಿತಾ ಮನ್ಯಾಗಿರ್ಲಿ. ಚಕ್ರ ಇಕಿಗೆ ರೂಢಿ ಐತಿ, ಇಕಿ ಹೋಗ್ತಾಳ."

"ಅಕಿ ಭುಜ?" ಎಂದಳು ಜಂಬವ್ವ.

"ಎಣ್ಣಿ ಹಚ್ಕೊಂಡ್ರ ಹೋಗತೈತಿ."

ಉಚ್ಚೆಂಗಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳಿದಳು. ಭುಜ ಆಗಲೇ ಸೆಳೆಯತೊಡಗಿತು. ಆದರೂ ರಸ್ತೆ! ಬೇವಿನ ಮರ. ಸ್ಟೂಲು. ತಾನು ಏನೂ ಮಾಡಬೇಕಿಲ್ಲ, ಹೇಳಿದಂತೆ ಸರ ಪೋಣಿಸಿದರೆ ಸಾಕು. ಸುನಿತಾ ಹಿತ್ತಲಿಗೆ ಬರುತ್ತಾಳೆ, ಸುನಿತಾಳ ಹೆಬ್ಬೆರಳು ಸೀಳುತ್ತದೆ.

ಅಡುಗೆಮನೆಯಲ್ಲಿ ಸುನಿತಾ ಪಾತ್ರೆ ಒರೆಸುತ್ತ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು, ಆದರೆ ಮಾತು ಕೆಂಪಿಗಿಂತ ಖಾರವಾಗಿತ್ತು.

"ಖುಷಿ ಆಗಿರಬೇಕಲ್ಲಕ್ಕಾ ನಿನಗ?"

"ನನಗ್ಯಾಕವಾ ಖುಷಿ?"

"ನನಗೇನ್ ತಿಳಿಯಂಗಿಲ್ಲೇನು? ನೀ ನನ್ನ ಚಪ್ಲಿ ನೋಡೂದು ನಾ ನೋಡೀನಿ." ತಟ್ಟೆಯನ್ನು ಕುಕ್ಕಿ ಇಟ್ಟಳು. "ನಾನೂ ನಿನ್ನ ಹಂಗ ನೋಡ್ತೀನಿ. ನನ್ನ ಮಗಳು ನನ್ನ ಬಿಟ್ಟು ನಿನ್ನ ಸೆರಗು ಹಿಡ್ಕೊಂಡು ಅಡ್ಡಾಡತೈತಿ. ನನ್ನ ಕೈಯಾಗ ಒಂದ್ ತುತ್ತು ಉಣ್ಣಂಗಿಲ್ಲ. ನನಗ ಉರಿಯಂಗಿಲ್ಲೇನು?"

ಸುನಿತಾಳ ದನಿ ಇಳಿಯಿತು.

"ಅಲ್ಲಿ ಏನ್ ಸುಖ ಐತಿ ಅಂದ್ಕೊಂಡೀ? ನೀರು ಕುಡಿದ್ರ ಎಲ್ಲಿ ಹೋಗ್ಲಿ ಅಂತ ಕುಡಿಯಂಗಿಲ್ಲ. ಗ್ಲಾಸ್ ತಗೊಳೂ ನೆವದಾಗ ಕೈ ಹಿಡಿತಾರ. ಆದ್ರೂ ಅಕ್ಕಾ, ಮನಿಗೆ ಬಾ ಅಂದ್ರ ಬರಂಗಿಲ್ಲ ನಾ. ಅಲ್ಲಿ ನನ್ನ ಹೆಸರು ಹಿಡದು ಕರೀತಾರ."

ಅದೇ. ಉಚ್ಚೆಂಗಮ್ಮನಿಗೂ ಬೇಕಾಗಿದ್ದದ್ದು ಅದೇ. ಅವಳ ಹೊಟ್ಟೆಕಿಚ್ಚು ಇದರಿಂದ ಆರಲಿಲ್ಲ. ಒಂದೇ ಗುಟುಕು ನೀರಿಗೆ ಇಬ್ಬರು ಬಾಯಿ ತೆರೆದು ನಿಂತ ಹಾಗೆ ಇನ್ನಷ್ಟು ಉರಿಯಿತು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, "ಸರಿ, ತಟ್ಟಿ ಇಲ್ಲಿ ಕೊಡು," ಎಂದಳು.

ಶನಿವಾರ ಬೆಳಗಿನ ಜಾವ ನಲ್ಲಿ ಬಂತು. ಕೊಡ ತುಂಬಿದಳು, ಡ್ರಮ್ಮು ತುಂಬಿದಳು. ಬಾಗಿಲಿಗೆ ನೀರು, ರಂಗೋಲಿ. ಎಣ್ಣೆ ಬೆಚ್ಚಗೆ ಮಾಡಿ ಅತ್ತೆಯ ತಲೆದಿಂಬಿಗೆ. ಮಣೆ ಹಾಕಿಕೊಂಡು ಕಬ್ಬು ಹೆರೆಯಲು ಕೂತಳು. ಅರ್ಧ ಹೊರೆ ಹೆರೆದು, ತೊಳೆದು, ಗೋಣಿಯಲ್ಲಿ ಸುತ್ತಿ ಗಾಡಿಗೆ ಏರಿಸಿದಳು. ಆಮೇಲೆ ದಬ್ಬಣ ತಗೊಂಡು ಅತ್ತೆ ತೆಗೆದಿಟ್ಟ ದಪ್ಪ ಹಣ್ಣುಗಳನ್ನು ಪೋಣಿಸಿದಳು. ಸರ ಈ ಸಲ ಎತ್ತಿನ ಕೊರಳಿನ ಗಂಟೆಯಷ್ಟು ಭಾರವಿತ್ತು. ಅದನ್ನು ಅಂಗೈಯಲ್ಲಿ ತೂಗುತ್ತ ಗಾಡಿಯ ಮುಂದೆ ನಿಂತಳು.

ಮನೆಯಲ್ಲಿ ಎಲ್ಲರೂ ಮಲಗಿದ್ದರು. ಅಂಗಳದ ಮಂಚದ ಮೇಲೆ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಚೋಕು ಅವಳ ಕೈಗೆ ಗೇಣಿನಷ್ಟು ದೂರ. ಕಟ್ಟಿದರೆ ಮಧ್ಯಾಹ್ನದೊಳಗೆ ಎಂಜಿನ್ನು ಸಾಯುತ್ತದೆ, ರಸ್ತೆ ತನ್ನದಾಗುತ್ತದೆ, ಭುಜದ ಜೊತೆಗೆ. ಕಟ್ಟದಿದ್ದರೆ ಎಂಜಿನ್ನು ಓಡುತ್ತದೆ, ಅದೇ ಹಿತ್ತಲು ತನಗೆ, ಅದೇ ಸ್ಟೂಲು ಸುನಿತಾಳಿಗೆ. ತಾನು ಹಿತ್ತಲಿನಲ್ಲೇ, ಅಥವಾ ಅವಳು ಹಿತ್ತಲಿನಲ್ಲಿ. ಈ ಎರಡನ್ನು ಬಿಟ್ಟು ಮೂರನೆಯದು ಇಲ್ಲವೆಂದು ಯಾರು ಹೇಳಿದರು? ಉಂಡ ತಟ್ಟೆಯಲ್ಲಿ ಕೈ ಕೊಡವಿದವನು ಹೇಳಿದ್ದು. ಅವನು ಹೆರೆದ ಕಬ್ಬು ಎಲ್ಲಿದೆ, ಅವನು ತಿರುಗಿಸಿದ ಚಕ್ರ ಎಲ್ಲಿದೆ?

ಅವಳು ಚೋಕಿನ ಮೇಲಿದ್ದ ಹೋದ ವಾರದ ಒಣಗಿದ ಸರ ಬಿಚ್ಚಿ ತೆಗೆದು, ಗಾಡಿಯ ಮುಂದಕ್ಕೆ ಹೋಗಿ, ಹೊಸ ಸರವನ್ನು ಹಳೆಯ ಕೊಕ್ಕಿಗೆ ಕಟ್ಟಿದಳು, ಎರಡು ಗಂಟು ಹಾಕಿ. ಯಾಕೆಂದು ಯಾರಾದರೂ ಕೇಳಿದರೆ ಹೇಳುವುದಿಲ್ಲ. ಕೇಳಲಿ. ಸುನಿತಾಳಿಗೂ ಇವತ್ತು ಹೇಳುವುದಿಲ್ಲ. ಈ ಒಂದು ಗುಟ್ಟಾದರೂ ತನ್ನದಾಗಿ ಇರಲಿ.

ಉಳಿದ ಅರ್ಧ ಹೊರೆಯನ್ನು ಎಳೆದು ತಂದು ಗಂಡನ ಮಂಚದ ಪಕ್ಕ ಇಟ್ಟಳು. ಹೆರೆಯುವ ಕುಡಗೋಲನ್ನು ಅದರ ಮೇಲೆ ಇಟ್ಟಳು, ಹಿಡಿ ಅವನ ಕಡೆಗೆ ಇರುವಂತೆ. ಹಿಟ್ಟಿನ ಡಬ್ಬಿ ತೆರೆಯಲಿಲ್ಲ, ಒಲೆಯ ಹತ್ತಿರ ಹೋಗಲಿಲ್ಲ. ಮುಖ ತೊಳೆದು, ಸೀರೆ ಬದಲಿಸಿ, ಹೊಸ್ತಿಲಿಗೆ ಬಂದಾಗ ಸುನಿತಾಳ ಚಪ್ಪಲಿ ಕಂಡಿತು. ಒಂದು ಕಾಲು ತೂರಿಸಿ ನೋಡಿದಳು. ಬೆರಳೊಂದು ಹೊರಗೇ ಉಳಿಯಿತು. ತೆಗೆದು, ಜೋಡಿಸಿಟ್ಟು, ತನ್ನ ಸವೆದ ಹವಾಯಿ ಚಪ್ಪಲಿಯನ್ನೇ ಮೆಟ್ಟಿದಳು.

ಗಾಡಿಯ ಮೇಲೆ ತಲೆಕೆಳಗಾಗಿದ್ದ ಸ್ಟೂಲಿನ ಹಗ್ಗಕ್ಕೆ ಅವಳ ಕೈ ಹೋಯಿತು. ಬಿಚ್ಚಿ ಕೆಳಗಿಡಬೇಕೆನಿಸಿತು. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಬಿಟ್ಟು, ಹಿತ್ತಲಿಗೆ ಹೋಗಿ ಕಬ್ಬು ಹೆರೆಯುವ ತನ್ನ ಮಣೆಯನ್ನು ತಂದು ಸ್ಟೂಲಿನ ಮಗ್ಗುಲಿಗೆ ಅದೇ ಹಗ್ಗದಲ್ಲಿ ಬಿಗಿದಳು. ಬರುವವಳು ಎದ್ದು ಬರಲಿ. ಮಗಳನ್ನೂ ಎತ್ತಿಕೊಂಡು ಬರಲಿ.

ಗಾಡಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋಗಬಹುದಿತ್ತು. ಎಂಜಿನ್ನಿಗೆ ರಸ್ತೆಯ ತನಕ ಏನೂ ಕೆಲಸವಿರಲಿಲ್ಲ.

ಉಚ್ಚೆಂಗಮ್ಮ ಅಂಗಳದ ನಡುವೆ, ಮಂಚಕ್ಕೆ ಎದುರಾಗಿ ಗಾಡಿ ನಿಲ್ಲಿಸಿದಳು. ಚೋಕು ಕೆಳಗೆ ಮಾಡಿದಳು. ಒಂದು ಕಾಲನ್ನು ಗಾಲಿಗೆ ಒತ್ತು ಕೊಟ್ಟು, ಎಡಗೈಗೆ ಹಗ್ಗ ಸುತ್ತಿಕೊಂಡು, ಮೈಯೆಲ್ಲ ಹಿಂದಕ್ಕೆ ಬಿಟ್ಟು ಜಗ್ಗಿದಳು.